ಹೆರಿಗೆ ಕೋಣೆಗೆ ಒಬ್ಬರನ್ನೇ ಬಿಡುತ್ತಾರಂತೆ: ಅಮ್ಮನೋ, ಡೂಲಾನೋ?

ಅರಸೀಕೆರೆ ಹುಡುಗಿ

ಎಲ್ಲರಿಗೂ ನಮಸ್ಕಾರ. ನನಗೆ ಈಗ 31 ವಾರ, ಚೊಚ್ಚಲು. ತವರು ಅರಸೀಕೆರೆ, ಸಂಸಾರ ಬೆಂಗಳೂರಿನಲ್ಲಿ. ಸೀಮಂತ ಮುಗಿಸಿ ತವರಿಗೆ ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ರಕ್ತದಲ್ಲಿ ಸಕ್ಕರೆ ಸ್ವಲ್ಪ ಹೆಚ್ಚು ಕಾಣಿಸಿಕೊಂಡಿದ್ದರಿಂದ ಹೆರಿಗೆ ಇಲ್ಲಿಯೇ ಎಂದಾಯಿತು. ಅಮ್ಮನೇ ಬಂದು ಇರುತ್ತಾರೆ.

ಕಚೇರಿಯ ಗೆಳತಿಯೊಬ್ಬಳು ಡೂಲಾ, ಅಂದರೆ ಹೆರಿಗೆಯ ಹೊತ್ತಿನಲ್ಲಿ ಜೊತೆಗಿರುವ ಹೆಂಗಸನ್ನು, ಇಟ್ಟುಕೊ ಎಂದು ಬೆನ್ನು ಹತ್ತಿದ್ದಾಳೆ. ಫೋನ್ ಮಾಡಿ ವಿಚಾರಿಸಿದೆ. ಹೆರಿಗೆಗೆ ಮೊದಲು ಮೂರು ಭೇಟಿ, ಹೆರಿಗೆಯ ದಿನ ಪೂರ್ತಿ ಜೊತೆಗೆ, ಆಮೇಲೆ ಎರಡು ಭೇಟಿ, ಒಟ್ಟು 35 ಸಾವಿರ. ಅತ್ತೆಗೆ ಹೇಳಿದರೆ "ಸೊಂಟ ಉಜ್ಜುವುದಕ್ಕೆ ಮೂವತ್ತೈದು ಸಾವಿರವೇ? ನನಗೆ ಕೊಡು, ನಾನೇ ಉಜ್ಜುತ್ತೇನೆ" ಎಂದರು. ನಕ್ಕೆ. ಆದರೆ ಅವರ ಮಾತಿನಲ್ಲೂ ಹುರುಳಿದೆಯಲ್ಲ ಎನಿಸಿತು.

ನನ್ನ ಪತಿ ರಕ್ತ ಪರೀಕ್ಷೆಯ ಸೂಜಿ ಕಂಡರೇ ಬೆವರುವವರು, ಅವರ ಹೆಸರು ಪಟ್ಟಿಯಲ್ಲಿಲ್ಲ. ಆಸ್ಪತ್ರೆಯವರು ಒಳಗೆ ಒಬ್ಬರನ್ನು ಮಾತ್ರ ಬಿಡುತ್ತಾರೆ. ಈ ಡೂಲಾ ಎಂಬುವರು ನಿಜವಾಗಿ ಏನು ಮಾಡುತ್ತಾರೆ? ಅಮ್ಮ ಇದ್ದರೆ ಸಾಲದೇ?

ಎರಡು ಮಕ್ಕಳ ತಾಯಿ, ಮೈಸೂರು

ನನಗೆ ಎರಡೂ ಅನುಭವವಿದೆ. ಮೊದಲನೆಯದು ಹದಿನಾಲ್ಕು ಗಂಟೆ. ಯಜಮಾನರು ಹೊರಗೆ, ಅಮ್ಮ ಹೊರಗೆ, ಒಳಗೆ ನಾನು ಮತ್ತು ಗೋಡೆ ಗಡಿಯಾರ. ಸಿಸ್ಟರ್ ಆಗಾಗ ಬಂದು ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂದು ನೋಡಿ "ಇನ್ನೂ ನಾಲ್ಕೇ ಸೆಂಟಿಮೀಟರ್" ಎಂದು ಹೋಗುತ್ತಿದ್ದರು. ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದವಳಂತೆ ನನಗೆ ನಾಚಿಕೆಯಾಗುತ್ತಿತ್ತು. ಇವತ್ತಿಗೂ ಆ ಗಡಿಯಾರದ ಮುಳ್ಳಿನ ಬಣ್ಣ ನೆನಪಿದೆ.

ಎರಡನೆಯದಕ್ಕೆ ಡೂಲಾ ಇದ್ದರು. ನಾನು ಮಂಚದ ಅಂಚು ಹಿಡಿದು ಮುಂದಕ್ಕೆ ಬಾಗಿ ನಿಂತಿದ್ದೆ. ನೋವು ಏರುವಾಗ ಅವರು ಹಿಂದೆ ನಿಂತು, ಎರಡೂ ಅಂಗೈಗಳನ್ನು ನನ್ನ ಸೊಂಟದ ಕೆಳಗೆ ಎರಡು ಬದಿಗೆ ಇಟ್ಟು, ಒಳಕ್ಕೂ ಮೇಲಕ್ಕೂ ಒತ್ತಿ ಹಿಡಿಯುತ್ತಿದ್ದರು. ನೋವು ಹೋಗಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಮೈ ಎರಡು ಹೋಳಾಗಿ ಬಿಡುತ್ತದೆ ಎಂಬ ಭಯ ನಿಂತಿತು. ಇಪ್ಪತ್ತನೆಯದೋ ಮೂವತ್ತನೆಯದೋ ಸಲಕ್ಕೆ ಅವರ ಕೈಯೇ ನಡುಗುತ್ತಿತ್ತು. ಆಗ ಯಜಮಾನರನ್ನು ಕರೆದು ಕೈ ಎಲ್ಲಿಡಬೇಕು, ಎಷ್ಟು ಒತ್ತಬೇಕು ಎಂದು ತೋರಿಸಿಕೊಟ್ಟು, ತಾವು ನನ್ನ ಮುಖದ ಮುಂದೆ ಬಂದು ಕುಳಿತರು. ಹನ್ನೆರಡು ವರ್ಷದ ಸಂಸಾರದಲ್ಲಿ ಅವರು ನನಗೆ ಅಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು!

ನಿವೃತ್ತ ಮಾವ, ಮಂಡ್ಯ

ನಮ್ಮ ತಾಯಿ ಎಂಟು ಮಕ್ಕಳನ್ನು ಹೆತ್ತರು. ಬೆಳಿಗ್ಗೆ ಕಳೆ ಕಿತ್ತು ಸಂಜೆ ಹೆತ್ತವರು. ಈಗ ಪ್ರತಿಯೊಂದಕ್ಕೂ ಒಬ್ಬ ತಜ್ಞ, ಒಂದು ಶುಲ್ಕ. ಕೈಯಲ್ಲಿ ಹಣ ಓಡಾಡುತ್ತಿದ್ದರೆ ಇಟ್ಟುಕೊಳ್ಳಿ, ಬೇಡ ಎನ್ನುವವನು ನಾನಲ್ಲ.

ಎರಡು ಮಕ್ಕಳ ತಾಯಿ, ಮೈಸೂರು

ಮಾವನವರೇ, ಎಂಟರಲ್ಲಿ ಉಳಿದದ್ದು ಎಷ್ಟು ಎಂದೂ ಹೇಳಿಬಿಡಿ.

ನಿವೃತ್ತ ಮಾವ, ಮಂಡ್ಯ

ಐದು.

ಜೊತೆಗಾತಿ

ನಾನು ಈ ಕೆಲಸ ಮಾಡುವವಳು, ಹಾಗಾಗಿ ನನ್ನ ಮಾತನ್ನು ಸ್ವಲ್ಪ ತೂಗಿ ನೋಡಿಯೇ ತೆಗೆದುಕೊಳ್ಳಿ. ಮೊದಲಿಗೆ ಉಚ್ಚಾರ: ಡೌಲಾ ಅಲ್ಲ, ಡೂಲಾ. ಗ್ರೀಕ್ ಪದ, ಮೂಲದಲ್ಲಿ ದಾಸಿ ಎಂದರ್ಥ. 1970ರ ದಶಕದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಡಾನಾ ರಾಫೆಲ್ ಇದನ್ನು ಬಳಕೆಗೆ ತಂದದ್ದು ಹೆರಿಗೆ ಕೋಣೆಗಾಗಿ ಅಲ್ಲ. ಹೆತ್ತ ಮೇಲೆ ತಾಯಿಗೆ ಹಾಲೂಡಿಸಲು ನೆರವಾಗುವ ಅನುಭವಿ ಹೆಂಗಸಿಗಾಗಿ. ಅಂದರೆ ಬಾಣಂತನ ಮಾಡುವ ನಮ್ಮ ಅಜ್ಜಿಯಂದಿರಿಗೆ ಸಿಗಬೇಕಾದ ಹೆಸರು. ಆಮೇಲೆ ಅದು ಹೆರಿಗೆಯ ಜೊತೆಗಾತಿಗೂ ಅಂಟಿಕೊಂಡಿತು.

ಅತ್ತೆಯವರು ಸೂಲಗಿತ್ತಿಯೊಂದಿಗೆ ಹೋಲಿಸಿದರೆ ತಿದ್ದಿಬಿಡಿ. ನಾನು ಮಗು ಹಿಡಿಯುವವಳಲ್ಲ. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂದು ನೋಡುವುದಿಲ್ಲ, ಮಗುವಿನ ಎದೆಬಡಿತ ಎಣಿಸುವುದಿಲ್ಲ, ಔಷಧಿ ಕೊಡುವುದಿಲ್ಲ, "ಸಿಸೇರಿಯನ್‌ಗೆ ಒಪ್ಪಬೇಡಿ" ಎಂದು ಹೇಳುವ ಅಧಿಕಾರವೂ ನನಗಿಲ್ಲ. ನನ್ನ ಕೆಲಸ ಒಂದೇ, ಪಾಳಿ ಮುಗಿಯಿತೆಂದು ಎದ್ದು ಹೋಗದಿರುವುದು. ಸಿಸ್ಟರ್ ಬದಲಾಗುತ್ತಾರೆ, ಡಾಕ್ಟರು ಬಂದು ಹೋಗುತ್ತಾರೆ. ಮೊದಲ ನೋವಿನಿಂದ ಮಗು ಎದೆಗೆ ಬರುವವರೆಗೆ ಇರುವುದು ನಾನು. ಈ ನಡುವೆ ಮಗ್ಗುಲು ಬದಲಿಸುವುದು, ನಡೆಸುವುದು, ದೊಡ್ಡ ಚೆಂಡಿನ ಮೇಲೆ ಕೂರಿಸುವುದು, ಒದ್ದೆ ಬಟ್ಟೆಯಿಂದ ಹಣೆ ಒರೆಸುವುದು, ಎಳನೀರು ಕುಡಿಸುವುದು, ಮೂತ್ರಕ್ಕೆ ಹೋಗಿ ಎಷ್ಟು ಹೊತ್ತಾಯಿತು ಎಂದು ನೆನಪಿಸುವುದು. ಕೊನೆಯದು ಕೇಳಲು ತಮಾಷೆಯಾಗಿದೆ. ಆದರೆ ತುಂಬಿದ ಮೂತ್ರಕೋಶ ಮಗುವಿನ ದಾರಿಗೆ ಅಡ್ಡ ಬರುತ್ತದೆ, ನೋವಿನಲ್ಲಿರುವವಳಿಗೆ ಅದರ ಪರಿವೆಯೇ ಇರುವುದಿಲ್ಲ.

ಇನ್ನೊಂದು, ಕೇಳಲು ಕಲಿಸುವುದು. ಡಾಕ್ಟರು ಡ್ರಿಪ್ ಹಾಕೋಣ ಎಂದಾಗ "ಏಕೆ, ಈಗಲೇ ಬೇಕೇ, ಒಂದು ಗಂಟೆ ಕಾದರೆ ಏನಾಗುತ್ತದೆ" ಎಂದು ಆಕೆಯೇ ಕೇಳಬೇಕು. ಆಕೆಯ ಪರವಾಗಿ ನಾನು ವಾದಕ್ಕಿಳಿದರೆ ಕೋಣೆಯಲ್ಲಿ ಎರಡು ಗುಂಪಾಗುತ್ತದೆ, ಅದು ಯಾರಿಗೂ ಒಳ್ಳೆಯದಲ್ಲ.

ಪ್ರಸೂತಿ ತಜ್ಞೆ, ಹುಬ್ಬಳ್ಳಿ

ಜೊತೆಗಾತಿಯವರ ಕೊನೆಯ ಸಾಲನ್ನು ಕಟ್ಟು ಹಾಕಿಸಿ ಎಲ್ಲ ಡೂಲಾಗಳಿಗೂ ಕಳುಹಿಸಬೇಕು. ನನ್ನ ಹೆರಿಗೆ ಕೋಣೆಯಲ್ಲಿ ಮಗುವಿನ ಎದೆಬಡಿತ ಕುಸಿಯುತ್ತಿರುವಾಗ "ಇನ್ನೂ ಸ್ವಲ್ಪ ಕಾಯೋಣ ಮೇಡಂ" ಎಂದವರನ್ನು ನೋಡಿದ್ದೇನೆ. ಹಾಗೆಯೇ, ನಾಲ್ಕು ಜನ ಸಿಬ್ಬಂದಿ ಮಾಡಲಾಗದ್ದನ್ನು ಒಂದು ಮಾತಿನಿಂದ ಮಾಡಿದವರನ್ನೂ ನೋಡಿದ್ದೇನೆ.

ಇದು ಬರೀ ಸಮಾಧಾನದ ಮಾತಲ್ಲ, ದೇಹದ ಲೆಕ್ಕ. ಗರ್ಭಕೋಶವನ್ನು ಹಿಂಡುವುದು ಆಕ್ಸಿಟೋಸಿನ್. ಹೆದರಿಕೆಯಾದಾಗ ಉಕ್ಕುವುದು ಅಡ್ರಿನಲಿನ್, ಅದು ನೋವಿನ ಲಯವನ್ನು ಕೆಡಿಸುತ್ತದೆ. ಮನೆಯಲ್ಲಿ ಐದು ನಿಮಿಷಕ್ಕೊಮ್ಮೆ ಬರುತ್ತಿದ್ದ ನೋವು ಆಸ್ಪತ್ರೆಯ ಬಾಗಿಲು ದಾಟಿದ ಕೂಡಲೇ ನಿಂತುಹೋದದ್ದನ್ನು ಎಷ್ಟು ಜನ ಹೇಳುವುದಿಲ್ಲ!

ಸಾಕ್ಷ್ಯ ಹಳೆಯದು. ಮಾರ್ಷಲ್ ಕ್ಲಾಸ್, ಜಾನ್ ಕೆನಲ್ ಎಂಬ ಇಬ್ಬರು ಮಕ್ಕಳ ವೈದ್ಯರು ಜೊತೆಗೊಬ್ಬರಿದ್ದರೆ ಹೆರಿಗೆ ಸುಲಭವಾಗುವುದನ್ನು ಗ್ವಾಟೆಮಾಲಾದ ಆಸ್ಪತ್ರೆಯೊಂದರಲ್ಲಿ ಮೊದಲು ಗಮನಿಸಿದರು. ವರದಿ 1980ರಲ್ಲಿ ಪ್ರಕಟವಾಯಿತು. ನನಗೆ ಅದಕ್ಕಿಂತ ಹಿಡಿಸುವುದು 1991ರಲ್ಲಿ ಪ್ರಕಟವಾದ ಹ್ಯೂಸ್ಟನ್ ಅಧ್ಯಯನ. ಅಲ್ಲಿ ಚೊಚ್ಚಲ ಹೆರಿಗೆಯವರದು ಮೂರು ಗುಂಪು. ಒಂದಕ್ಕೆ ಡೂಲಾ, ಒಂದಕ್ಕೆ ಎಂದಿನ ಆರೈಕೆ ಮಾತ್ರ. ಡೂಲಾ ಇದ್ದವರಲ್ಲಿ ಸಿಸೇರಿಯನ್ ಶೇ. 8, ಇಲ್ಲದವರಲ್ಲಿ ಶೇ. 18. ಮಜಾ ಇರುವುದು ಮೂರನೆಯ ಗುಂಪಿನಲ್ಲಿ. ಅವರ ಕೋಣೆಯಲ್ಲಿ ಒಬ್ಬ ಹೆಂಗಸು ಟಿಪ್ಪಣಿ ಬರೆದುಕೊಳ್ಳುತ್ತ ಸುಮ್ಮನೆ ಕುಳಿತಿದ್ದಳು, ಮಾತಿಲ್ಲ, ಮುಟ್ಟುವುದಿಲ್ಲ. ಅಲ್ಲಿ ಶೇ. 13. ಎಲ್ಲೂ ಹೋಗದೆ ಕುಳಿತಿದ್ದಳು, ಅಷ್ಟೇ!

ಆದರೆ ಉಬ್ಬಿಸಬೇಡಿ. ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2017ರ ಪರಾಮರ್ಶೆ 17 ದೇಶಗಳ 15 ಸಾವಿರಕ್ಕೂ ಹೆಚ್ಚು ತಾಯಂದಿರ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು. ಹೆರಿಗೆಯುದ್ದಕ್ಕೂ ಜೊತೆಗೊಬ್ಬರು ಇದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಕಹಿ ನೆನಪು ಕಡಿಮೆ. ಹೆರಿಗೆಯ ಹೊತ್ತು ಸರಾಸರಿ ನಲವತ್ತು ನಿಮಿಷ ಕಡಿಮೆ. ಒಂದು ರೂಪಾಯಿಯ ಔಷಧಿ ಇಷ್ಟು ಮಾಡಿದ್ದರೆ ನಾವೆಲ್ಲ ಬರೆದುಕೊಡುತ್ತಿದ್ದೆವು. ಆದರೆ ಇದು ಮಂತ್ರದಂಡವಲ್ಲ. ಕರ್ನಾಟಕದಲ್ಲಿ ಸಿಸೇರಿಯನ್ ಪ್ರಮಾಣ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಶೇ. 23.6 ಇದ್ದದ್ದು 2019-21ಕ್ಕೆ ಶೇ. 31.5 ಆಯಿತು. ಅದರ ಕಾರಣಗಳಲ್ಲಿ ನಮ್ಮ ವೃತ್ತಿಯ ಪಾಲೂ ಇದೆ. ಅಷ್ಟನ್ನೂ ಒಬ್ಬ ಡೂಲಾ ತಡೆಯಲಾರಳು.

ರಾತ್ರಿ ಪಾಳಿ ಸಿಸ್ಟರ್

ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೆಲಸ. 35 ಸಾವಿರದ ಮಾತು ಓದಿ ನಗು ಬಂತು, ಬೇಸರವೂ ಆಯಿತು. ನಮ್ಮಲ್ಲಿಗೆ ಬರುವವರಿಗೆ ಡೂಲಾ ಎಂದರೆ ಊರಿನ ಆಶಾ ಕಾರ್ಯಕರ್ತೆ. ಬ್ಯಾಗಿನಲ್ಲಿ ತಾಯಿ ಕಾರ್ಡ್ ಇಟ್ಟುಕೊಂಡು ಮಧ್ಯರಾತ್ರಿ ಆಂಬ್ಯುಲೆನ್ಸಿನಲ್ಲಿ ಜೊತೆಗೆ ಬರುತ್ತಾಳೆ. ಬೆಳಗಾಗುವಾಗ ಬೆಂಚಿನ ಮೇಲೆ ಕುಳಿತೇ ನಿದ್ದೆ ಹೋಗಿರುತ್ತಾಳೆ. ಅವಳಿಗೆ ಕೇಳಿದರೆ ಅವಳದೇ ಬೇರೆ ಕಥೆ.

ಸರ್ಕಾರಿ ಆಸ್ಪತ್ರೆಯಲ್ಲೂ ಜೊತೆಗೆ ಒಬ್ಬರು ಇರಬಹುದು ಎಂಬುದು ಬಹಳ ಜನರಿಗೆ ಗೊತ್ತೇ ಇಲ್ಲ. 2016ರಲ್ಲಿಯೇ ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿದೆ. ಹೆರಿಗೆ ಕಂಡ ಹೆಂಗಸಾಗಿರಬೇಕು, ಸಾಂಕ್ರಾಮಿಕ ಕಾಯಿಲೆ ಇರಬಾರದು, ಬಟ್ಟೆ ಶುಭ್ರವಾಗಿರಬೇಕು, ಕೊನೆಯವರೆಗೂ ಇರಬೇಕು, ಸಿಬ್ಬಂದಿಯ ಕೆಲಸದಲ್ಲಿ ಕೈಹಾಕಬಾರದು, ಪಕ್ಕದ ಹೆಂಗಸಿನ ಉಸಾಬರಿಗೆ ಹೋಗಬಾರದು. ಗಂಡನನ್ನು ಬಿಡುವುದು ಮರೆ ಇರುವ ಕಡೆ ಮಾತ್ರ. ಸರ್ಕಾರಿ ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು 2017ರ ಕೊನೆಯಲ್ಲಿ ಬಂದ ಲಕ್ಷ್ಯ ಕಾರ್ಯಕ್ರಮದಲ್ಲೂ ಇದು ಇದೆ. ಕೇಳಿ ಪಡೆಯಿರಿ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಮೂರು ಟೇಬಲ್, ಇಬ್ಬರು ಸಿಸ್ಟರ್, ಒಬ್ಬಳಿಗೆ ರಕ್ತಸ್ರಾವ, ಇನ್ನೊಬ್ಬಳು ಕಿರುಚುತ್ತಿದ್ದಾಳೆ ಎಂದಾಗ ನಾನೂ ಗದರಿಸಿದ್ದೇನೆ. ಒಮ್ಮೆ ತೊಡೆಗೆ ಏಟೂ ಕೊಟ್ಟಿದ್ದೇನೆ. ಆ ಹುಡುಗಿಯ ಮುಖ ಮರೆತಿಲ್ಲ. ಅವಳ ತಾಯಿ ಒಳಗೆ ಇದ್ದಿದ್ದರೆ ನನ್ನ ಕೈ ಎತ್ತುತ್ತಿರಲಿಲ್ಲ. ಜೊತೆಗೆ ಒಬ್ಬರು ಇರುವುದರಿಂದ ತಾಯಿಗೆ ಧೈರ್ಯ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಮಗೆ ಕಡಿವಾಣವೂ ಬೀಳುತ್ತದೆ, ಅದನ್ನು ಯಾರೂ ಹೇಳುವುದಿಲ್ಲ.

ಪಾವಗಡದ ಅಜ್ಜಿ (ಮೊಮ್ಮಗಳ ಕೈಯಲ್ಲಿ ಬರೆಸಿದ್ದು)

ನಮ್ಮ ಸೀಮೆಯ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನನ್ನು ಯಾರೂ ನೆನೆಯಲಿಲ್ಲವಲ್ಲ. ಎಪ್ಪತ್ತು ವರ್ಷ, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ, ಒಂದು ಕಾಸು ಕೇಳಿದವಳಲ್ಲ. 2018ರಲ್ಲಿ ಪದ್ಮಶ್ರೀ ಕೊಟ್ಟರು, ಅದೇ ವರ್ಷ ಡಿಸೆಂಬರ್ 25ಕ್ಕೆ ಹೊರಟುಹೋದಳು. ಮಗು ಹಿಡಿಯುವುದೂ ಅವಳೇ, ಧೈರ್ಯ ಹೇಳುವುದೂ ಅವಳೇ. ನೀವು ಈಗ ಒಬ್ಬಳನ್ನು ಎರಡಾಗಿ ಸೀಳಿ ಒಂದು ಪಾಲಿಗೆ ಡಾಕ್ಟರು, ಇನ್ನೊಂದು ಪಾಲಿಗೆ ಡೂಲಾ ಎನ್ನುತ್ತಿದ್ದೀರಿ.

ನಾನು ಹೆರುವಾಗ ತೊಲೆಗೆ ಹಗ್ಗ ಕಟ್ಟಿದ್ದರು, ಅದನ್ನು ಹಿಡಿದು ಕುಕ್ಕರುಗಾಲಿನಲ್ಲಿ ಕೂರುವುದು. ಬೇನೆ ತಡವಾದರೆ ಮನೆಯ ಪೆಟ್ಟಿಗೆ, ಕಣಜ, ಬೀಗ ಎಲ್ಲ ತೆಗೆದಿಡುತ್ತಿದ್ದರು, ಜಡೆಯನ್ನೂ ಬಿಚ್ಚುತ್ತಿದ್ದರು. ಅದರಿಂದ ಮಗು ಬರುತ್ತದೆಯೋ ಇಲ್ಲವೋ, ಹೊರಗಿನವರಿಗೆ ಕೈಗೊಂದು ಕೆಲಸವಾಗುತ್ತಿತ್ತು. ಕೂಸನ್ನು ಮೊರದಲ್ಲಿ ಅಕ್ಕಿಯ ಮೇಲೆ ಮಲಗಿಸಿದ ಮೇಲೆಯೇ ಗಂಡಸರಿಗೆ ಒಳಗೆ ಅಪ್ಪಣೆ.

ಆದರೆ ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ನಮ್ಮ ಚಿಕ್ಕಮ್ಮ ಮಾಸು ಬೀಳದೆ ಹೋದಳು. ಸುತ್ತ ಏಳು ಜನ ಹೆಂಗಸರಿದ್ದರು, ಎಲ್ಲರೂ ಅವಳ ಕೈ ಹಿಡಿದಿದ್ದರು. ಆಸ್ಪತ್ರೆ ಹದಿನೆಂಟು ಮೈಲಿ ದೂರ.

ಪ್ರಸೂತಿ ತಜ್ಞೆ, ಹುಬ್ಬಳ್ಳಿ

ಅಜ್ಜಿ, ನಮಸ್ಕಾರ. ಇದನ್ನು ನಾನು ಹೇಳಿದ್ದರೆ ಡಾಕ್ಟರು ಹೆದರಿಸುತ್ತಾರೆ ಎನ್ನುತ್ತಿದ್ದರು. ರಾಜ್ಯದಲ್ಲಿ ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ. ತಾಯಂದಿರ ಸಾವು 2018-20ರ ಲೆಕ್ಕದಲ್ಲಿ ಲಕ್ಷ ಜನನಕ್ಕೆ 69ಕ್ಕೆ ಇಳಿದಿದೆ. ಆಸ್ಪತ್ರೆಗೆ ತಂದದ್ದು ಸರಿ. ತರುವಾಗ ಆ ಏಳು ಜನರನ್ನೂ ಹೊರಗೆ ನಿಲ್ಲಿಸಿಬಿಟ್ಟೆವು, ತಪ್ಪಿದ್ದು ಅಲ್ಲಿ.

ಸನಿವೇಲ್ ಕನ್ನಡಿಗ

ಕ್ಯಾಲಿಫೋರ್ನಿಯಾದಿಂದ ಬರೆಯುತ್ತಿದ್ದೇನೆ. ಅತ್ತೆಯವರಿಗೆ ವೀಸಾ ಸಂದರ್ಶನದ ದಿನಾಂಕ ಸಿಗಲೇ ಇಲ್ಲ. ಅವರು ಕಳುಹಿಸಿದ್ದ ಬಾಣಂತಿ ಲೇಹ್ಯ, ಖಾರದ ಪುಡಿ ಬಂದವು, ಅವರು ಬರಲಿಲ್ಲ. ಹಾಗಾಗಿ ಡೂಲಾ. ಇಲ್ಲಿ ಬಡವರ ಸರ್ಕಾರಿ ವಿಮೆ ಮೆಡಿ-ಕ್ಯಾಲ್ 2023ರ ಜನವರಿಯಿಂದ ಡೂಲಾ ಖರ್ಚನ್ನು ಕೊಡುತ್ತದೆ. ನಮ್ಮ ಕಂಪನಿಯ ವಿಮೆ ಕೊಡಲಿಲ್ಲ.

ಬಂದವರು ಮೆಕ್ಸಿಕೋ ಮೂಲದ ಐವತ್ತರ ಹೆಂಗಸು. ಅವರ ಕಡೆ ರೆಬೋಸೊ ಎಂಬ ಉದ್ದನೆಯ ನೇಯ್ದ ಶಾಲು ಇದೆ. ಅದನ್ನು ಬಸುರಿಯ ಹೊಟ್ಟೆ ಅಥವಾ ಸೊಂಟಕ್ಕೆ ಸುತ್ತಿ ತೊಟ್ಟಿಲಿನಂತೆ ಮೆಲ್ಲನೆ ತೂಗುತ್ತಾರೆ. ಅವರು ಶಾಲು ಮರೆತು ಬಂದಿದ್ದರು. ನನ್ನ ಹೆಂಡತಿಯ ಹಳೆಯ ನೂಲಿನ ಸೀರೆ ಕೊಟ್ಟೆ, ಮುಟ್ಟಿ ನೋಡಿ "ಇದು ಇನ್ನೂ ಮೇಲು" ಎಂದು ಅದನ್ನೇ ಬಳಸಿದರು. ಮೊದಲ ಭೇಟಿಯಲ್ಲೇ "ನಿಮ್ಮ ಭಾಷೆಯಲ್ಲಿ ಉಸಿರಾಡು ಎನ್ನುವುದಕ್ಕೆ ಏನು ಹೇಳುತ್ತೀರಿ" ಎಂದು ಕೇಳಿ ಕಾಗದದಲ್ಲಿ ಬರೆದುಕೊಂಡಿದ್ದರು. ನನಗೆ ಆಗ ಅದು ತೋರಿಕೆಯ ಮಾತು ಎನಿಸಿತ್ತು. ಎಂಟು ಸೆಂಟಿಮೀಟರ್ ದಾಟಿದ ಮೇಲೆ ನನ್ನ ಹೆಂಡತಿಗೆ ಇಂಗ್ಲಿಷ್ ಪೂರ್ತಿ ಮರೆತುಹೋಯಿತು. ಡಾಕ್ಟರು ಹೇಳಿದ್ದು ಕಿವಿಗೇ ಹೋಗುತ್ತಿರಲಿಲ್ಲ. ಆಗ ಆ ಹೆಂಗಸು ಅವಳ ಕಿವಿಯ ಬಳಿ "ಉಸಿರು, ಉಸಿರು" ಎನ್ನುತ್ತಿದ್ದರು, ರಕಾರ ಸ್ವಲ್ಪ ಉರುಳಿಸಿ. ನಾನು? ನಾನು ಅಳುತ್ತಿದ್ದೆ. ನನ್ನನ್ನೂ ನೋಡಿಕೊಂಡವರು ಅವರೇ.

ಹೆಸರು ಬೇಡ

ನನ್ನ ಕಥೆ ಬೇರೆ. ನನ್ನ ಡೂಲಾ ಸಹಜ ಹೆರಿಗೆಯ ಹಟದವರು. ನೀರು ಒಡೆಯಿತು, ಬಣ್ಣ ಹಸಿರಾಗಿತ್ತು. ಫೋಟೋ ಕಳುಹಿಸಿದೆ. "ಈಗಲೇ ಹೋದರೆ ಕೊಯ್ದುಬಿಡುತ್ತಾರೆ, ಮನೆಯಲ್ಲೇ ಇರು" ಎಂದರು. ನಾಲ್ಕು ಗಂಟೆ ಕಾದೆ. ಮಗು ಐದು ದಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿತ್ತು. ಈಗ ಚೆನ್ನಾಗಿದ್ದಾನೆ, ಓಡಾಡುತ್ತಾನೆ. ಆದರೆ ಡೂಲಾ ಎಂಬ ಪದ ಕಂಡರೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ.

ಜೊತೆಗಾತಿ

ಅವರು ಮಾಡಿದ್ದು ತಪ್ಪು, ಅದಕ್ಕೆ ಸಮಜಾಯಿಷಿ ಇಲ್ಲ. ನಮ್ಮ ದೇಶದಲ್ಲಿ ಡೂಲಾಗಳಿಗೆ ಪರವಾನಗಿ ಎಂಬುದಿಲ್ಲ. ವಾರಾಂತ್ಯದ ತರಬೇತಿ ಮುಗಿಸಿ ಬೋರ್ಡು ಹಾಕಿಕೊಳ್ಳಬಹುದು. ಆಯ್ಕೆ ಮಾಡುವಾಗ "ನಿಮ್ಮ ಜೊತೆ ಎಷ್ಟು ಸಹಜ ಹೆರಿಗೆ ಆಗಿದೆ" ಎಂದು ಕೇಳಬೇಡಿ. "ಸಿಸೇರಿಯನ್ ಆದಾಗ ನೀವು ಏನು ಮಾಡಿದಿರಿ" ಎಂದು ಕೇಳಿ. ಅದಕ್ಕೆ ಮುಖ ಸಿಂಡರಿಸಿದರೆ ಬೇರೆಯವರನ್ನು ನೋಡಿ.

ಪ್ರಸೂತಿ ತಜ್ಞೆ, ಹುಬ್ಬಳ್ಳಿ

ಹಸಿರು ನೀರು, ರಕ್ತ, ಮಗುವಿನ ಮಿಸುಕಾಟ ಕಡಿಮೆಯಾಗುವುದು, ತಲೆ ಸಿಡಿಯುವ ನೋವು, ಕಣ್ಣು ಮಂಜಾಗುವುದು. ಇಷ್ಟರಲ್ಲಿ ಒಂದು ಕಂಡರೂ ಯಾರನ್ನೂ ಕೇಳಬೇಡಿ, ಆಸ್ಪತ್ರೆಗೆ ಹೊರಡಿ.

ಅರಸೀಕೆರೆ ಹುಡುಗಿ

ಓದಿ ಓದಿ ತಲೆ ತುಂಬಿದೆ. ಇನ್ನೂ ಗೊಂದಲ ಉಳಿದಿರುವುದು ಒಂದೇ. ಒಳಗೆ ಒಬ್ಬರು ಎಂದರೆ ಅಮ್ಮನನ್ನು ಹೊರಗೆ ಕೂರಿಸಲು ನನಗೆ ಮನಸ್ಸಿಲ್ಲ. ಆದರೆ ಅಮ್ಮ ನನ್ನ ನೋವು ನೋಡಿ ತಾವೇ ಕುಸಿದರೆ?

ರಾತ್ರಿ ಪಾಳಿ ಸಿಸ್ಟರ್

ಅಮ್ಮಂದಿರಲ್ಲಿ ಎರಡು ಜಾತಿ. "ನನ್ನ ಮಗಳನ್ನು ಕೊಯ್ದಾದರೂ ನೋವು ತಪ್ಪಿಸಿ" ಎಂದು ನಮ್ಮ ಕಾಲು ಹಿಡಿಯುವವರು, ಕಲ್ಲಿನಂತೆ ಪಕ್ಕದಲ್ಲಿ ನಿಲ್ಲುವವರು. ನಿಮ್ಮ ಅಮ್ಮ ಯಾವುದು ಎಂದು ನಿಮಗೆ ಗೊತ್ತಿರುತ್ತದೆ.

ಜೊತೆಗಾತಿ

ಅಮ್ಮನಿಗೇ ಕಲಿಸಿಬಿಡಿ. ಹಲವು ಡೂಲಾಗಳು ಒಂದೆರಡು ತರಗತಿ ಮಾತ್ರವೂ ಮಾಡುತ್ತಾರೆ, ಕೇಳಿ ನೋಡಿ. ಸೊಂಟ ಒತ್ತುವುದು, ಮಗ್ಗುಲು ಬದಲಿಸುವುದು, ಉಸಿರು. ನನಗೆ ವ್ಯಾಪಾರ ನಷ್ಟ, ಪರವಾಗಿಲ್ಲ.

ಅರಸೀಕೆರೆ ಹುಡುಗಿ (ಹತ್ತು ವಾರದ ನಂತರ)

ಹೆಣ್ಣು ಮಗು, 2 ಕಿಲೋ 900 ಗ್ರಾಂ. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಿ.

ಅಮ್ಮನಿಗೆ ಎರಡು ತರಗತಿ ಆಯಿತು. ಅಮ್ಮ ಪುಸ್ತಕದಲ್ಲಿ ಬರೆದುಕೊಂಡರು, ಅತ್ತೆಯ ಸೊಂಟದ ಮೇಲೆ ಅಭ್ಯಾಸವನ್ನೂ ಮಾಡಿದರು. ಸಕ್ಕರೆಯ ಕಾರಣಕ್ಕೆ 39ನೆಯ ವಾರದಲ್ಲಿ ನೋವು ಬರಿಸಿದರು. ಶುರುವಿನ ನಾಲ್ಕು ಗಂಟೆ ಎಲ್ಲ ಕಲಿತಂತೆಯೇ ನಡೆಯಿತು. ಆಮೇಲೆ ನಾನು ಕೂಗಿಕೊಂಡ ರಭಸಕ್ಕೆ ಅಮ್ಮನಿಗೆ ಕಲಿತದ್ದೆಲ್ಲ ಮರೆತುಹೋಯಿತು. ಒಂದು ನಿಮಿಷ ಪಿಳಿಪಿಳಿ ನೋಡಿದರು. ಆಮೇಲೆ ನನ್ನ ಪಾದ ಹಿಡಿದುಕೊಂಡು ರೈಲು ಹೊರಡಿಸಿದರು. ನಮ್ಮ ತಾತ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಚಿಕ್ಕವಳಾಗಿದ್ದಾಗ ನನಗೆ ಜ್ವರ ಬಂದರೆ ಅಮ್ಮ ಸ್ಟೇಷನ್ನುಗಳ ಹೆಸರು ಹೇಳಿ ಮಲಗಿಸುತ್ತಿದ್ದರು. ಒಂದು ನೋವಿಗೆ ಒಂದು ಸ್ಟೇಷನ್. "ಇದು ತಿಪಟೂರು, ನಿಲ್ಲುತ್ತದೆ, ಉಸಿರು ತೆಗೆದುಕೊ. ಈಗ ಬಾಣಸಂದ್ರ. ಅಮ್ಮಸಂದ್ರ. ನಿಟ್ಟೂರು. ಗುಬ್ಬಿ." ನಡುವೆ ಹೆಸರಿಲ್ಲದ ಕಡೆಯೆಲ್ಲ "ಕ್ರಾಸಿಂಗ್‌ಗೆ ನಿಂತಿದೆ" ಎನ್ನುತ್ತಿದ್ದರು. ತುಮಕೂರು ತಲುಪುವಷ್ಟರಲ್ಲಿ ಸಿಸ್ಟರ್ ಕೂಡ "ಎಲ್ಲಿಗೆ ಬಂತು?" ಎಂದು ಬಾಗಿಲಲ್ಲಿ ಇಣುಕಿ ಕೇಳುತ್ತಿದ್ದರು. ಕ್ಯಾತ್ಸಂದ್ರ, ದಾಬಸಪೇಟೆ.

ದಾಬಸಪೇಟೆಯಲ್ಲಿ ಮಗುವಿನ ಎದೆಬಡಿತ ಇಳಿಯಿತು. ಎಡಕ್ಕೆ ಮಲಗಿಸಿದರು, ಆಮ್ಲಜನಕ ಕೊಟ್ಟರು, ಏರಲಿಲ್ಲ. ಸಿಸೇರಿಯನ್. ಏಕೆ ಎಂದು ಕೇಳಿದೆ, ಡಾಕ್ಟರು ಎರಡು ವಾಕ್ಯದಲ್ಲಿ ಹೇಳಿದರು, ಒಪ್ಪಿದೆ. ಶಸ್ತ್ರಚಿಕಿತ್ಸಾ ಕೊಠಡಿಗೆ ಅಮ್ಮನನ್ನು ಬಿಡಲಿಲ್ಲ. ಬೆನ್ನಿಗೆ ಅರಿವಳಿಕೆ ಕೊಟ್ಟ ಮೇಲೆ ನನಗೆ ನಡುಕ ಹಿಡಿಯಿತು. ಆಗ ನನ್ನ ತಲೆಯ ಬಳಿ ನಿಂತಿದ್ದ ಸಿಸ್ಟರ್ ಹಣೆಯ ಮೇಲೆ ಕೈಯಿಟ್ಟು "ಯಶವಂತಪುರ ಬಂತಮ್ಮ, ಇಳಿಯೋಣ" ಎಂದರು. ಅದೇ ಬಾಗಿಲಲ್ಲಿ ಇಣುಕುತ್ತಿದ್ದವರು. ಅವರ ಪಾಳಿ ಮುಗಿದು ಅರ್ಧ ಗಂಟೆಯಾಗಿತ್ತಂತೆ, ಆಮೇಲೆ ಗೊತ್ತಾಯಿತು.

ಮಗು ಮೊದಲೆರಡು ದಿನ ಎದೆ ಹಿಡಿಯಲಿಲ್ಲ. ತರಗತಿ ಮಾಡಿದ ಡೂಲಾ ಮೂರನೆಯ ದಿನ ಬಂದು, ಮಗುವನ್ನು ನನ್ನ ಕಂಕುಳ ಕೆಳಗೆ ಹಿಡಿಸಿ, ಗಾಯಕ್ಕೆ ತಾಗದಂತೆ ಕುಡಿಸುವುದನ್ನು ಹೇಳಿಕೊಟ್ಟರು. ಈಗ ಬಾಣಂತನ ಅತ್ತೆಯದು. ಉಳಿದ ಹಣದ ವಿಚಾರ ದಿನಕ್ಕೊಮ್ಮೆ ನೆನಪಿಸುತ್ತಿದ್ದಾರೆ.

ನಿವೃತ್ತ ಮಾವ, ಮಂಡ್ಯ

ಕೂಸಿಗೂ ಬಾಣಂತಿಗೂ ಒಳ್ಳೆಯದಾಗಲಿ. ನಾನು ರೈಲ್ವೆಯಲ್ಲಿ 34 ವರ್ಷ ಇದ್ದವನು. ನಿಮ್ಮ ಅಮ್ಮ ಕ್ಯಾತ್ಸಂದ್ರ ಆದ ಮೇಲೆ ಹಿರೇಹಳ್ಳಿಯನ್ನು ಬಿಟ್ಟುಬಿಟ್ಟಿದ್ದಾರೆ, ಅವರಿಗೆ ಹೇಳಿ.